ಇರ್ಮಾಗೊಂದು

ಮಾನ್ಯ ಅಧ್ಯಕ್ಷರೇ, ನಿರ್ದೇಶಕರ ಸಂಘದ ಹಿರಿಯರೇ, ಇಂದಿನ ಸನ್ಮಾನಕ್ಕೆ ಪಾತ್ರರಾಗಿ ಮೊದಲನೆಯ ಮೇಜಿನಲ್ಲಿ ಟೋಪಿ ಹಾಕಿಕೊಂಡೇ ಕೂತಿರುವ ಮಿಸ್ಟರ್ ವೆಂಡೆಲ್ ಹ್ಯಾಗ್‌ಸ್ಟ್ರಮ್ ಅವರೇ, ಸಭೆಯಲ್ಲಾದರೂ ಆ ಟೋಪಿ ತೆಗೆಯಿರಿ ಎಂದು ಮೊಣಕೈಯಿಂದ ತಿವಿಯುತ್ತಿರುವ ಶ್ರೀಮತಿ ಹ್ಯಾರಿಯೆಟ್ ಅವರೇ, ದೀಪದವರೇ, ಧ್ವನಿಯವರೇ, ಹಿಂದಿನ ಮೇಜುಗಳಲ್ಲಿ ಕೂತು ಕೋಳಿ ತಣ್ಣಗಾಯಿತೆಂದು ಗೊಣಗುತ್ತಿರುವ ನನ್ನ ಹಳೆಯ ಸಹೋದ್ಯೋಗಿಗಳೇ, ಮತ್ತು ಸಭಿಕರೇ,

ನನಗೆ ಆರು ನಿಮಿಷ ಕೊಟ್ಟಿದ್ದಾರೆ. ಆರು ನಿಮಿಷವಾದ ಕೂಡಲೇ ಇಲ್ಲಿ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದಂತೆ. ಅಧ್ಯಕ್ಷರು ಬಹಳ ವಿನಯದಿಂದ ಹೇಳಿದರು. ಅಧ್ಯಕ್ಷರೇ, ನಾನು ಮೂವತ್ತೇಳು ವರ್ಷ ಕತ್ತಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಈ ಊರಿನಲ್ಲಿ ಅನ್ನ ತಿಂದವಳು. ಇಗೋ, ಇಂದೂ ನೇತಾಡುತ್ತಿದೆ. ಇವತ್ತು ನಾನು ಆರು ನಿಮಿಷಕ್ಕಿಂತ ಹೆಚ್ಚು ಮಾತಾಡುತ್ತೇನೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ನಿಮ್ಮ ಕೆಂಪು ದೀಪಕ್ಕೂ ಬೇಸರವಾಗುವುದಿಲ್ಲ.

ನಾನು ಯಾರೆಂದು ಇಲ್ಲಿರುವ ಕಿರಿಯರಿಗೆ ಗೊತ್ತಿಲ್ಲ. ನನ್ನ ಹೆಸರು ಇರ್ಮಾ ಸ್ಟಾನೆಕ್. ಕಂಟಿನ್ಯುಟಿ ನೋಡಿಕೊಳ್ಳುತ್ತಿದ್ದವಳು. ಹಿಂದಿನ ಶಾಟಿನಲ್ಲಿ ನಾಯಕಿ ಎಡಗೈಯಲ್ಲಿ ಕಾಫಿ ಕಪ್ಪು ಹಿಡಿದಿದ್ದರೆ ಮುಂದಿನ ಶಾಟಿನಲ್ಲೂ ಎಡಗೈಯಲ್ಲೇ ಇರಬೇಕು, ಸಿಗರೇಟು ಅರ್ಧ ಸುಟ್ಟಿದ್ದರೆ ಅರ್ಧವೇ ಇರಬೇಕು, ಸತ್ತವನು ಸತ್ತ ಭಂಗಿಯಲ್ಲೇ ಬಿದ್ದಿರಬೇಕು. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬರೆದಿಡುವುದು ನನ್ನ ಕೆಲಸ. ನಮ್ಮನ್ನು ಆಗ ಸ್ಕ್ರಿಪ್ಟ್ ಹುಡುಗಿ ಎನ್ನುತ್ತಿದ್ದರು. ಅರವತ್ತಮೂರನೆಯ ವಯಸ್ಸಿನಲ್ಲಿ ನಿವೃತ್ತಳಾದಾಗ ಕೊಟ್ಟ ಕೇಕಿನ ಮೇಲೂ 'ನಮ್ಮ ಹುಡುಗಿಗೆ' ಎಂದೇ ಬರೆಸಿದ್ದರು. ಇಷ್ಟು ದೀರ್ಘಕಾಲ ಹುಡುಗಿಯಾಗಿ ಉಳಿದ ಹೆಂಗಸು ಈ ಲಾಸ್ ಏಂಜಲೀಸಿನಲ್ಲಿ ಇನ್ನೊಬ್ಬಳು ಇದ್ದಾಳೆಯೇ? ಅದೂ ಡಾಕ್ಟರ ಸಹಾಯವಿಲ್ಲದೆ!

ನಗಬೇಡಿ, ಸಮಯ ಹೋಗುತ್ತದೆ.

ನನಗೆ ಕೆಲಸ ಕಲಿಸಿದವರು ಮಿಸೆಸ್ ಆಡಾ ಪ್ರೌಟ್ ಎಂಬ ಹಿರಿಯರು. ಮೂಕಿ ಚಿತ್ರಗಳ ಕಾಲದಿಂದ ಇದ್ದವರು. ಮೊದಲ ದಿನವೇ ಪೆನ್ಸಿಲಿನಿಂದ ನನ್ನ ಮೊಣಕೈಗೆ ಕುಟುಕಿ ಹೇಳಿದರು, "ಏ ಹುಡುಗಿ, ಮುಖ ನೋಡ್ಬೇಡ. ಮುಖ ನೋಡೋಕೆ ಬೇರೆಯವರಿಗೆ ಸಂಬಳ ಕೊಡ್ತಾರೆ. ನೀನು ಕೈ ನೋಡು. ಕೈ ನೋಡೋಳು ಯಾವತ್ತೂ ಕೆಟ್ಟಿಲ್ಲ." ಅವರು ತೀರಿಕೊಂಡಾಗ ಈ ಸ್ಟಾಪ್‌ವಾಚ್ ನನಗೆ ಬಂತು. ಅವರ ಮಾತನ್ನು ನಾನು ನನ್ನ ವೃತ್ತಿಜೀವನದಲ್ಲಿ ಒಂದೇ ಒಂದು ಸಲ ಮೀರಿದೆ. ನಲವತ್ತೇಳು ಸೆಕೆಂಡು. ಅದನ್ನು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ಆದರೆ ಸನ್ಮಾನ ಸಭೆ ಎಂದಮೇಲೆ ಸನ್ಮಾನಿತರ ಸಾಧನೆಯನ್ನು ಹೇಳಬೇಕಲ್ಲವೇ? ಹೇಳುತ್ತೇನೆ. ವೆಂಡೆಲ್ ಹ್ಯಾಗ್‌ಸ್ಟ್ರಮ್ ಹುಟ್ಟಿದ್ದು ಮಿನೆಸೋಟಾದ ಡುಲೂತ್‌ನಲ್ಲಿ. ತಂದೆ ಅಲ್ಲಿನ ಬಂದರಿನ ಧಾನ್ಯದ ಉಗ್ರಾಣದಲ್ಲಿ ಗಾಡಿ ತೂಗುವ ಗುಮಾಸ್ತರು. ಯುದ್ಧದಲ್ಲಿ ಸೈನ್ಯದ ಚಿತ್ರ ತೆಗೆದರು, ಯುದ್ಧ ಮುಗಿದಮೇಲೆ ಈ ಊರಿಗೆ ಬಂದು ಟೆಲಿವಿಷನ್ ಸೇರಿದರು. ಮೊದಲು ಅಡುಗೆ ಕಾರ್ಯಕ್ರಮ. ಆಮೇಲೆ ಕುದುರೆಯವರ ಧಾರಾವಾಹಿ, ಪತ್ತೇದಾರರ ಧಾರಾವಾಹಿ, ಆಸ್ಪತ್ರೆಯ ಧಾರಾವಾಹಿ, ಮತ್ತೆ ಕುದುರೆ. ಒಟ್ಟು ಇನ್ನೂರ ಮೂವತ್ತು ಕಂತು. ಯಾವುದೂ ತಡವಾಗಲಿಲ್ಲ. ಯಾವ ಕುದುರೆಗೂ ಪೆಟ್ಟಾಗಲಿಲ್ಲ, ನಟರ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ.

ಟೆಲಿವಿಷನ್ ನಿರ್ದೇಶಕನ ಬಾಳು ಎಂಥದ್ದೆಂದು ಇಲ್ಲಿರುವ ನಿಮಗೆ ಗೊತ್ತು. ಅವನು ಆ ಮನೆಗೆ ಯಜಮಾನನಲ್ಲ, ಆರು ದಿನದ ನೆಂಟ. ಸೋಮವಾರ ಬರುತ್ತಾನೆ, ಕುರ್ಚಿಯ ಮೇಲೆ ಹೋದವಾರದವನ ಹೆಸರು ಇನ್ನೂ ಇರುತ್ತದೆ. ಅದಕ್ಕೇ ಇವರು ಕುರ್ಚಿಯಲ್ಲಿ ಕೂರುತ್ತಲೇ ಇರಲಿಲ್ಲ. ನಾವು ಸೇಬಿನ ಪೆಟ್ಟಿಗೆ ಎನ್ನುವ ಆ ಗಟ್ಟಿ ಮರದ ಪೆಟ್ಟಿಗೆಯೊಂದನ್ನು ಕ್ಯಾಮೆರಾದ ಪಕ್ಕಕ್ಕೆ ಎಳೆದುಕೊಂಡು ಕೂರುತ್ತಿದ್ದರು. ಕಟ್ ಎನ್ನುತ್ತಿರಲಿಲ್ಲ, ಥ್ಯಾಂಕ್ಯೂ ಎನ್ನುತ್ತಿದ್ದರು. ಮತ್ತು ಆ ಬೂದುಬಣ್ಣದ ಟೋಪಿ! ಬಿಸಿಲಿರಲಿ, ಸ್ಟುಡಿಯೋದ ಒಳಗಿರಲಿ, ಟೋಪಿ ತಲೆ ಬಿಟ್ಟು ಇಳಿಯುತ್ತಿರಲಿಲ್ಲ. ತಲೆಗೂದಲು ಮೂವತ್ತಕ್ಕೇ ಕೈಕೊಟ್ಟಿತ್ತೆಂದು ಅವರಿಗೆ ನಾಚಿಕೆ. ಅವರನ್ನು ವೆನ್ ಎಂದು ಕರೆಯುತ್ತಿದ್ದ ಕೆಲಸದವರು ಪಂದ್ಯ ಕಟ್ಟಿಕೊಳ್ಳುತ್ತಿದ್ದರು, "ವೆನ್ ಸ್ನಾನಕ್ಕೂ ಹಾಕ್ಕೊಂಡೇ ಹೋಗ್ತಾನೆ ಕಣ್ರೋ" ಎಂದು. ಅವರ ಬರಿದಲೆ ಕಂಡವರು ಇಬ್ಬರೇ. ಒಬ್ಬರು ಹ್ಯಾರಿಯೆಟ್. ಇನ್ನೊಬ್ಬರು ಯಾರೆಂದು ಆಮೇಲೆ ಹೇಳುತ್ತೇನೆ.

ನಾನು ಅವರ ಜೊತೆ ಮೊದಲು ಕೆಲಸ ಮಾಡಿದ್ದು ಅರವತ್ತೊಂದರಲ್ಲಿ. ಕೆಲಸದ ಕೊನೆಯ ದಿನ ನಿರ್ಮಾಣದ ವ್ಯವಸ್ಥಾಪಕರಿಗೆ, "ಮುಂದಿನ ಧಾರಾವಾಹಿಗೆ ಹೋಗೋವಾಗ ಇವರು ನನ್ನ ಜೊತೆ ಬರ್ತಾರೆ" ಎಂದರು. ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ಕಾರಿನಲ್ಲಿ ಮನೆಗೆ ಹೋಗುತ್ತಾ ಎರಡು ಸಲ ದಾರಿ ತಪ್ಪಿದೆ. ನಮ್ಮಮ್ಮ ಬಾಗಿಲಲ್ಲೇ ನನ್ನ ಮುಖ ನೋಡಿ, "ಅವನಿಗೆ ಮದುವೆ ಆಗಿದ್ಯೇನೇ?" ಎಂದು ಕೇಳಿದಳು. ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. "ಆಗಿದೆ ಅಮ್ಮ" ಎಂದೆ. "ಸರಿ, ಕೈಕಾಲು ತೊಳ್ಕೊಂಡು ಬಾ, ಗಸಗಸೆ ಸುರುಳಿ ಬಿಸಿಯಾಗಿದೆ" ಎಂದಳು. ಆಮೇಲೆ ಆ ವಿಷಯವನ್ನು ಅವಳು ಸಾಯುವವರೆಗೂ ಎತ್ತಲಿಲ್ಲ.

ಹ್ಯಾರಿಯೆಟ್, ನೀವು ತಲೆ ತಗ್ಗಿಸಬೇಡಿ. ನಿಮಗೆ ಇದು ಹೊಸ ಸುದ್ದಿಯೇ? ಹೋದ ತಿಂಗಳು ಫೋನ್ ಮಾಡಿ, "ಇರ್ಮಾ, ಮಾತಾಡೋಕೆ ದೊಡ್ಡ ದೊಡ್ಡ ನಟರನ್ನ ಕರೀತೀವಿ ಅಂತಾರೆ ಸಂಘದವರು. ಬೇಡ ಅಂದೆ. ಅಷ್ಟು ವರ್ಷ ವೆಂಡೆಲ್ ಅವರನ್ನ ನೋಡ್ತಾ ಕೂತಿದ್ದೋಳು ನೀನು ತಾನೇ? ನೀನೇ ಮಾತಾಡು" ಎಂದವರು ನೀವೇ. ಪ್ರತಿ ಜನವರಿಯಲ್ಲಿ ನಿಮ್ಮ ಹಿತ್ತಿಲ ನಿಂಬೆಹಣ್ಣನ್ನು ಕಾಗದದ ಚೀಲದಲ್ಲಿ ತುಂಬಿ ಅವರ ಕೈಲಿ ಕಳಿಸುತ್ತಿದ್ದವರೂ ನೀವೇ. ನಾನು ಆ ಹಣ್ಣನ್ನು ತಿಂದಿದ್ದೇನೆ. ನಿಮ್ಮ ಮನೆಯದು ಬೇರೆ ಯಾವುದನ್ನೂ ಮುಟ್ಟಿಲ್ಲ. ಈ ಮಾತನ್ನು ಇಷ್ಟು ಜನರೆದುರು ಹೇಳುವುದು ಸಭ್ಯತೆಯಲ್ಲ ಎಂದು ನನಗೆ ಗೊತ್ತು, ಆದರೆ ನನಗೂ ಅರವತ್ತಾರಾಯಿತು.

ಈಗ ಮರುಭೂಮಿಯ ಊರಾದ ಟ್ರೋನಾಕ್ಕೆ ಹೋಗೋಣ. ಅರವತ್ತನಾಲ್ಕು, ಜುಲೈ.

ವೆಂಡೆಲ್ ಹ್ಯಾಗ್‌ಸ್ಟ್ರಮ್ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಿನಿಮಾ ಮಾಡಿದರು. ಅದರ ಹೆಸರು 'ತೂಕದ ಮನೆ'. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಕೈ ಎತ್ತುವ ಶ್ರಮ ಬೇಡ, ನನಗೆ ಗೊತ್ತು. ಒಂಬತ್ತು ದಿನ ಓಡಿತು. ಮರುಭೂಮಿಯ ಅಂಚಿನಲ್ಲಿ ಉಪ್ಪಿನ ಲಾರಿಗಳನ್ನು ತೂಗುವ ಕಟ್ಟೆಯೊಂದನ್ನು ನೋಡಿಕೊಳ್ಳುವ ಹೆಂಗಸಿನ ಕಥೆ. ಗಂಡ ಒಂದು ಲಾರಿ ಹತ್ತಿ ಹೋದವನು ಬರುವುದಿಲ್ಲ. ಅವಳು ದಿನವೂ ಪರರ ಭಾರ ತೂಗುತ್ತಾ ಕಾಯುತ್ತಾಳೆ. ಕೊನೆಯಲ್ಲಿ, ಲಾರಿಗಳೆಲ್ಲ ಹೋದಮೇಲೆ, ತಾನೇ ಆ ದೊಡ್ಡ ಕಬ್ಬಿಣದ ಹಾಸಿನ ಮೇಲೆ ಹೋಗಿ ನಿಲ್ಲುತ್ತಾಳೆ. ಲಾರಿ ತೂಗುವ ಮುಳ್ಳು ಒಬ್ಬ ಹೆಂಗಸಿನ ಭಾರಕ್ಕೆ ಎಷ್ಟು ಅಲುಗೀತು? ಅವಳು ಅದನ್ನೇ ನೋಡುತ್ತಾ ನಿಲ್ಲುತ್ತಾಳೆ. ಅಷ್ಟೇ ಕಥೆ. ಆರು ವರ್ಷ, ಕೆಲಸದ ಹಾಳೆಗಳ ಬೆನ್ನ ಮೇಲೆ, ಊಟದ ಬಿಡುವಿನಲ್ಲಿ, ಇವರು ಅದನ್ನು ಬರೆದರು. ಟೈಪ್ ಮಾಡಿದವಳು ನಾನು. ಅದು ಅವರ ತಂದೆಯ ಕಥೆ, ಹೆಂಗಸಿನ ಹೆಸರಿನಲ್ಲಿ ಬರೆದದ್ದು ಎಂದು ನನಗೆ ಮೂರನೆಯ ಸಲ ಟೈಪ್ ಮಾಡುವಾಗ ಗೊತ್ತಾಯಿತು. ತಾಯಿ ಬಿಟ್ಟುಹೋದಮೇಲೆ ಅವರ ತಂದೆ ಹನ್ನೊಂದು ವರ್ಷ ಕಾದಿದ್ದರಂತೆ.

ಆ ಕೊನೆಯ ಶಾಟನ್ನು ಸೂರ್ಯ ಮುಳುಗುವ ಬೆಳಕಿನಲ್ಲೇ ತೆಗೆಯಬೇಕಿತ್ತು. ದಿನಕ್ಕೆ ಇಪ್ಪತ್ತು ನಿಮಿಷ ಸಿಗುವ ಬೆಳಕು. ನಮಗಿದ್ದದ್ದು ಅದೊಂದೇ ದಿನ. ಆ ತೂಕದ ಕಟ್ಟೆ ನಿಜವಾದದ್ದು, ಮರುವಾರ ಅದನ್ನು ಕೆಡವಿ ಹೊಸದು ಕಟ್ಟುವವರಿದ್ದರು. ನಾಯಕಿ ಲೊರೀನ್ ಡಾಬ್ಸ್, ಒಳ್ಳೆಯ ನಟಿ, ಎರಡು ವರ್ಷದ ಹಿಂದೆ ತೀರಿಕೊಂಡರು. ಮೊದಲ ಟೇಕಿನಲ್ಲಿ ದೂರದ ಲಾರಿಯೊಂದು ಹಾರ್ನ್ ಹೊಡೆಯಿತು. ಎರಡನೆಯದರಲ್ಲಿ ಮೋಡ ಬಂತು. ಮೂರನೆಯದರಲ್ಲಿ ಲೊರೀನ್ ಎಡವಿದರು. ಆ ಉಪ್ಪಿನ ಧೂಳು ಕೈ ಉರಿಸುತ್ತದೆ, ಬೆರಳು ಬಾತುಕೊಳ್ಳುತ್ತದೆ. ಮೂರು ಮತ್ತು ನಾಲ್ಕನೆಯ ಟೇಕಿನ ನಡುವೆ ಅವರು ಬಕೆಟ್ಟಿನಲ್ಲಿ ಕೈ ತೊಳೆದುಕೊಂಡರು. ತೊಳೆಯುವಾಗ ಮದುವೆಯ ಉಂಗುರವನ್ನು ಕಳಚಿ ಒಂದು ತಗಡಿನ ಲೋಟದಲ್ಲಿ ಹಾಕಿದರು. ಹಾಕಿ ಮರೆತರು.

ಅದನ್ನು ನೆನಪಿಸಬೇಕಾದವಳು ಯಾರು? ನಾನು. ಇಡೀ ಕ್ಯಾಲಿಫೋರ್ನಿಯಾದಲ್ಲಿ ಆ ಕ್ಷಣ ಆ ಬೆರಳನ್ನು ನೋಡಬೇಕಾದ ಕರ್ತವ್ಯವಿದ್ದ ಜೀವ ಒಂದೇ, ಅದು ನಾನು.

ನಾಲ್ಕನೆಯ ಟೇಕು ಶುರುವಾಯಿತು. ಹೆಬ್ಬೆರಳು ತನ್ನ ಪಾಡಿಗೆ ಸ್ಟಾಪ್‌ವಾಚ್ ಒತ್ತಿತು. ಲೊರೀನ್ ನಡೆದುಬಂದರು. ಮಿಸ್ಟರ್ ಹ್ಯಾಗ್‌ಸ್ಟ್ರಮ್ ಸೇಬಿನ ಪೆಟ್ಟಿಗೆಯ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ಅವರ ತುಟಿ ಅಲುಗುತ್ತಿತ್ತು. ಏನೋ ಅಂಕಿ ಹೇಳಿಕೊಳ್ಳುತ್ತಿದ್ದರು, ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ನಿಂತು ಹೇಳುತ್ತಿದ್ದ ಹಾಗೆ ಇರಬೇಕು. ಆ ಕೆಂಪು ಬೆಳಕು ಅವರ ಕೆನ್ನೆಯ ಮೇಲಿತ್ತು. ನನಗೆ ಮೂವತ್ತೆರಡು ವರ್ಷ. ನಾನು ಕೈ ನೋಡಲಿಲ್ಲ, ಸಭಿಕರೇ. ನಾನು ಮುಖ ನೋಡಿದೆ. ಆ ನಲವತ್ತೇಳು ಸೆಕೆಂಡೂ ಅವರ ಮುಖವನ್ನೇ ನೋಡಿದೆ. ಅಷ್ಟು ಸಂತೋಷವನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

"ಥ್ಯಾಂಕ್ಯೂ. ಇದೇ. ಪ್ರಿಂಟ್" ಎಂದರು. ನಾಲ್ಕರ ಸುತ್ತ ವೃತ್ತ ಎಳೆದೆ. ನಿರ್ದೇಶಕ ಪ್ರಿಂಟ್ ಎಂದ ಟೇಕಿಗೆ ಮಾತ್ರ ನಾವು ವೃತ್ತ ಎಳೆಯುವುದು, ವೃತ್ತವಿದ್ದದ್ದನ್ನು ಮಾತ್ರ ಲ್ಯಾಬಿನವರು ಪ್ರಿಂಟ್ ಹಾಕಿ ಕಳಿಸುವುದು. ಪಕ್ಕದ ಅಂಕಣದಲ್ಲಿ ರೂಢಿಯಂತೆ ಬರೆದೆ: ಕೋಟು, ಗುಂಡಿ ಹಾಕಿದೆ. ಸ್ಕಾರ್ಫು, ಎಡಕ್ಕೆ. ಉಂಗುರ, ಇದೆ.

ಊರಿಗೆ ವಾಪಸಾದ ಹತ್ತು ದಿನದ ಮೇಲೆ ನಿರ್ಮಾಪಕ ಮಾರ್ಟಿ ಗ್ಲಾಸ್ಕೋ ತಮ್ಮ ಪ್ರದರ್ಶನದ ಕೋಣೆಯಲ್ಲಿ ಅದನ್ನು ನೋಡಿದರು. ತೂಕದ ಕಟ್ಟೆ ಆಗಲೇ ನೆಲಸಮವಾಗಿತ್ತು. ನಾನು ತಲೆ ತಗ್ಗಿಸಿ ಹಿಂದಿನ ಸಾಲಿನಲ್ಲಿ ಸಮಯ ಬರೆದುಕೊಳ್ಳುತ್ತಿದ್ದೆ. ಶಾಟು ಮುಗಿದು ದೀಪ ಹಾಕಿದರು. ಗ್ಲಾಸ್ಕೋ ಸಿಗಾರು ಬಾಯಿಂದ ತೆಗೆದು ಕೇಳಿದರು, "ಉಂಗುರ ಎಲ್ರೀ?"

ಆ ಕೋಣೆಯಲ್ಲಿದ್ದ ಏಳೂ ತಲೆಗಳು ನನ್ನ ಕಡೆ ತಿರುಗಿದವು. ಅಂಥ ಪ್ರಶ್ನೆ ಬಂದರೆ ಎಲ್ಲರೂ ತಿರುಗುವುದು ನನ್ನ ಕಡೆಗೇ. ಹಾಳೆ ತೆಗೆದು ನೋಡಿದೆ. ನನ್ನದೇ ದುಂಡು ಅಕ್ಷರ, ಉಂಗುರ ಇದೆ.

"ನಾನೇ ತೆಗೆಸಿದ್ದು" ಎಂದರು ಮಿಸ್ಟರ್ ಹ್ಯಾಗ್‌ಸ್ಟ್ರಮ್.

"ಏನಂದೆ?"

"ಉಂಗುರ. ಬೇಡ ಅನ್ನಿಸ್ತು, ತೆಗೆಸ್ದೆ. ಇರ್ಮಾ ಬೇಡ ಬೇಡ ಅಂತ ಬಡ್ಕೊಂಡ್ರು. ನಾನೇ ಕೇಳ್ಲಿಲ್ಲ. ಇದೆ ಅಂತ್ಲೇ ಬರ್ಕೊಳ್ಳಿ ಅಂದೆ."

"ಲೋ ವೆಂಡೆಲ್, ಸ್ಕ್ರಿಪ್ಟಲ್ಲಿ ಅವಳು ಗಂಡನಿಗೆ ಕಾಯ್ತಾಳೆ. ಇಲ್ಲಿ ನೋಡಿದ್ರೆ ಗಂಡನ್ನ ಬಿಟ್ಟೇ ಬಿಟ್ಟಿದ್ದಾಳೆ! ಕಥೆನೇ ತಿರುಗಾಮುರುಗಾ ಆಯ್ತಲ್ಲೋ. ಯಾರನ್ನ ಕೇಳಿ ಮಾಡ್ದೆ?"

"ಯಾರನ್ನೂ ಕೇಳ್ಲಿಲ್ಲ."

ಸಭಿಕರೇ, ಆಗ ನಾನು ಎದ್ದು ನಿಂತು 'ಇಲ್ಲ, ತಪ್ಪು ನನ್ನದು' ಎನ್ನಬಹುದಿತ್ತಲ್ಲವೇ? ಅನ್ನಬೇಕಿತ್ತಲ್ಲವೇ? ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಸುಮ್ಮನಿದ್ದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅಮ್ಮ ಇದ್ದಳು, ಬಾಡಿಗೆ ಮನೆ ಇತ್ತು, ಎಲ್ಲ ನಿಜ. ಆದರೆ ಅದಲ್ಲ. ನಾನು 'ನೋಡಲಿಲ್ಲ' ಎಂದರೆ ಗ್ಲಾಸ್ಕೋ ಮುಂದೇನು ಕೇಳುತ್ತಿದ್ದರು? 'ಮತ್ತೆ ಎಲ್ಲಿ ನೋಡ್ತಿದ್ದೆ?' ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಹೆದರಿ ನಾನು ಬಾಯಿ ಮುಚ್ಚಿಕೊಂಡೆ. ಒಬ್ಬ ಮನುಷ್ಯನ ಆರು ವರ್ಷದ ಸಿನಿಮಾ ನನ್ನ ಕಣ್ಣೆದುರೇ ಹೋಗುತ್ತಿತ್ತು. ನಾನು ನನ್ನ ಮಾನ ನೋಡಿಕೊಂಡೆ.

ಆ ಶಾಟನ್ನು ಕತ್ತರಿಸಿ ತೆಗೆದರು. ಬದಲಿಗೆ ದೂರ ಹೋಗುವ ಒಂದು ಲಾರಿಯ ಹಿಂದಿನ ದೀಪ ತೋರಿಸಿ ಸಿನಿಮಾ ಮುಗಿಸಿದರು. ಫ್ರೆಸ್ನೋದ ಒಂದು ಪತ್ರಿಕೆ, ಚಿತ್ರಕ್ಕೆ ಕೊನೆಯೇ ಇಲ್ಲ ಎಂದು ಬರೆಯಿತು. ಸರಿಯಾಗೇ ಬರೆದಿತ್ತು. ಹೇಳದೆ ಕೇಳದೆ ಕಥೆ ತಿರುಗಿಸುವವನು ಎಂಬ ಹಣೆಪಟ್ಟಿ ಮಿಸ್ಟರ್ ಹ್ಯಾಗ್‌ಸ್ಟ್ರಮ್ ಅವರಿಗೆ ಅಂಟಿತು. ಆ ಹಣೆಪಟ್ಟಿ ಈ ಊರಿನಲ್ಲಿ ಒಮ್ಮೆ ಅಂಟಿದರೆ ಬಿಡುತ್ತದೆಯೇ? ಯಾರೂ ಅವರಿಗೆ ಮತ್ತೆ ಸಿನಿಮಾ ಕೊಡಲಿಲ್ಲ. ಇನ್ನೊಂದು ಕಥೆ ಬರೆದಿದ್ದರು, ಅದನ್ನೂ ಟೈಪ್ ಮಾಡಿದ್ದೆ. ಅದು ಅವರ ಮೇಜಿನ ಡ್ರಾಯರಿನಲ್ಲಿದೆ. ಇನ್ನೂರ ಮೂವತ್ತು ಕಂತುಗಳ ಸಾಧನೆ ಎಂದು ಇವತ್ತು ನೀವು ಚಪ್ಪಾಳೆ ತಟ್ಟುವುದರ ಹಿಂದೆ ಇರುವುದು ಒಂದು ಉಂಗುರ, ಒಂದು ತಗಡಿನ ಲೋಟ, ಮತ್ತು ನಾನು.

ಆ ದಿನ ಕೋಣೆಯಿಂದ ಹೊರಗೆ ಬಂದಮೇಲೆ ಅವರನ್ನು ದಾರಿಯಲ್ಲೇ ತಡೆದು, "ಮಿಸ್ಟರ್ ಹ್ಯಾಗ್‌ಸ್ಟ್ರಮ್, ನಾನು ಅವತ್ತು..." ಎಂದೆ. ಅವರು ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, "ಕಾಫಿ ಕುಡೀತೀರಾ ಇರ್ಮಾ?" ಎಂದರು. ಕುಡಿದೆವು. ಅವರು ಡೋನಟ್ಟಿನ ಅರ್ಧ ಮುರಿದುಕೊಟ್ಟರು. ಆ ವಿಷಯ ಅಲ್ಲಿಗೆ ಮುಗಿಯಿತು. ಮೂವತ್ತನಾಲ್ಕು ವರ್ಷದಿಂದ ಮುಗಿದೇ ಇದೆ.

ಮರುವರ್ಷ ಜನವರಿ. ಆಸ್ಪತ್ರೆಯ ಧಾರಾವಾಹಿ. ಡಾಕ್ಟರು ಕೈ ತೊಳೆಯುತ್ತಾ ಅಳಬೇಕಾದ ದೃಶ್ಯ. ಎರಡನೆಯ ಟೇಕು ಬಹಳ ಚೆನ್ನಾಗಿ ಬಂತು. "ಥ್ಯಾಂಕ್ಯೂ, ಪ್ರಿಂಟ್" ಎಂದರು. ದೀಪದವರು ದೀಪ ಇಳಿಸಲು ಹೊರಟಿದ್ದರು. ಅವರು ಕೈ ಎತ್ತಿ ನಿಲ್ಲಿಸಿ ಹೇಳಿದರು, "ಇರ್ಮಾಗೊಂದು."

ಎಲ್ಲರೂ ನಕ್ಕರು. ಇನ್ನೊಂದು ಟೇಕು ತೆಗೆದರು. ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಬೇಕಾದದ್ದು ಸಿಕ್ಕಮೇಲೆ, ದಿನಕ್ಕೆ ಒಂದು ಸಲವೋ ಎರಡು ಸಲವೋ, "ಇರ್ಮಾಗೊಂದು." ಹಿಂದಿನ ಮೇಜಿನವರಿಗೆ ನೆನಪಿದೆ, ಆಗಲೇ ನಗುತ್ತಿದ್ದಾರೆ. ನಮ್ಮ ನಿರ್ಮಾಣ ವ್ಯವಸ್ಥಾಪಕ ಬಡ್ ಕೀಫರ್ ಅದಕ್ಕೆ ಇರ್ಮಾ ತೆರಿಗೆ ಎಂದು ಹೆಸರಿಟ್ಟಿದ್ದ. "ಇನ್ನೊಂದು ಯಾಕೆ ವೆನ್? ಸಿಕ್ತಲ್ಲ! ಆ ಫಿಲ್ಮ್ ಏನು ನಿಮ್ಮಪ್ಪನ ಹೊಲದಲ್ಲಿ ಬೆಳೀತದಾ?" ಎಂದು ಕೂಗಾಡುತ್ತಿದ್ದ. ಇವರು ಒಮ್ಮೆಯೂ ಉತ್ತರ ಕೊಡಲಿಲ್ಲ. ಊರಿನ ಬೇರೆ ನಿರ್ದೇಶಕರೂ ಕಲಿತರು. ನಮ್ಮ ಸೆಟ್ಟಿನಿಂದ ಹೋದವರು ಬೇರೆ ಸೆಟ್ಟುಗಳಲ್ಲೂ ಹೇಳುತ್ತಾರಂತೆ, ಇರ್ಮಾ ಯಾರೆಂದು ಗೊತ್ತಿಲ್ಲದೆಯೇ.

ನಾನು ಏನೆಂದುಕೊಂಡೆ? ಮೊದಲ ದಿನ ಕಿವಿ ಬಿಸಿಯಾಯಿತು. ಇದು ಶಿಕ್ಷೆ ಎಂದುಕೊಂಡೆ. 'ನಿನ್ನ ಕಣ್ಣಿನ ಮೇಲೆ ನನಗೆ ಇನ್ನು ನಂಬಿಕೆಯಿಲ್ಲ, ಇರಲಿ, ಕಾವಲಿಗೆ ಇನ್ನೊಂದು' ಎನ್ನುತ್ತಿದ್ದಾರೆ ಎಂದುಕೊಂಡೆ. ಅದಕ್ಕೇ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಿದೆ. ಆಮೇಲಿನ ಮೂವತ್ತು ವರ್ಷದಲ್ಲಿ ನನ್ನ ಹಾಳೆಯಲ್ಲಿ ಒಂದು ಗುಂಡಿ ತಪ್ಪಿಲ್ಲ, ಕೇಳಿ ನೋಡಿ. ಕೆಲವು ದಿನ, ಕಾಫಿ ಅವರೇ ತಂದುಕೊಟ್ಟ ದಿನ, ಇಲ್ಲ, ಇದು ಶಿಕ್ಷೆಯಲ್ಲ, ಅಕ್ಕರೆ ಎಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಅಕ್ಕರೆ ಎನಿಸಿದ್ದು ಸಂಜೆಗೆ ಮತ್ತೆ ಅನುಮಾನ. ಹೀಗೇ ಮೂವತ್ತು ವರ್ಷ. ಧ್ವನಿ ವಿಭಾಗದ ವಾಲ್ಟ್, ಬಹಳ ಒಳ್ಳೆಯವರು, ಅರವತ್ತೊಂಬತ್ತರಲ್ಲಿ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಯಾಕೆ ಎಂದರು. ನಾಳೆ ಆರು ಗಂಟೆಗೆ ಶೂಟಿಂಗ್ ಇದೆ ಎಂದೆ. ಅವರು, "ಇರ್ಮಾ, ನಂಗೆ ಕಿವಿ ಚೆನ್ನಾಗಿ ಕೇಳುತ್ತೆ" ಎಂದು ಹೇಳಿ ಹೋದರು.

ಕೇಳಬಹುದಿತ್ತು. 'ನನ್ನ ಮೇಲೆ ನಿಮಗೆ ನಂಬಿಕೆ ಇಲ್ಲವೇ?' ಎಂದು ಒಂದು ಸಲ ಕೇಳಬಹುದಿತ್ತು. ಇಲ್ಲ ಎಂದುಬಿಟ್ಟರೆ? ಆಮೇಲೆ ಬೆಳಿಗ್ಗೆ ಎದ್ದು ಹೋಗುವುದು ಹೇಗೆ? ಕೇಳದೆ ಇದ್ದರೆ ನಾಳೆಯೂ ಒಂದು 'ಇರ್ಮಾಗೊಂದು' ಇರುತ್ತದೆ. ನಾನು ಅದನ್ನೇ ಆರಿಸಿಕೊಂಡೆ.

ಕೆಂಪು ದೀಪ ಹೊತ್ತಿಕೊಂಡಿದೆ, ಕಂಡೆ. ಹೊತ್ತಿರಲಿ ಬಿಡಿ.

ಈ ವರ್ಷ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದವರು, ನಿಮ್ಮ ಹಳೆಯ ಹಾಳೆಗಳನ್ನು ಕೊಡಿ, ಜೋಪಾನ ಮಾಡುತ್ತೇವೆ ಎಂದು ಕೇಳಿದರು. ಇಪ್ಪತ್ತೆಂಟು ಪೆಟ್ಟಿಗೆ. ವ್ಯಾನ್ ನೈಸ್‌ನ ನನ್ನ ಎರಡು ಕೋಣೆಯ ಮನೆಯಲ್ಲಿ ಮಂಚಕ್ಕಿಂತ ಹೆಚ್ಚು ಜಾಗ ಅವಕ್ಕೇ ಬೇಕಿತ್ತು. ಕೊಡುವ ಮುಂಚೆ ಒಮ್ಮೆ ನೋಡೋಣವೆಂದು ನೆಲದ ಮೇಲೆ ಕೂತು ಒಂದೊಂದೇ ಹಾಳೆ ತಿರುಗಿಸಿದೆ. ಮೂರನೆಯ ದಿನ ಮಧ್ಯಾಹ್ನ, ಎದುರಿಗಿದ್ದ ಸೂಪು ಆರಿಹೋಗುತ್ತಿದ್ದಾಗ, ಒಂದು ಸಂಗತಿ ಕಣ್ಣಿಗೆ ಬಿತ್ತು. ಅಷ್ಟು ವರ್ಷ ನಾನೇ ಬರೆದದ್ದು, ನನಗೇ ಕಂಡಿರಲಿಲ್ಲ.

ಆ ಹೆಚ್ಚಿನ ಟೇಕುಗಳು ಒಂದಕ್ಕೂ ವೃತ್ತವಿಲ್ಲ.

ಒಂದಕ್ಕೂ ಇಲ್ಲ. ಹಾಳೆ ಹಾಳೆ ತಿರುಗಿಸಿದೆ, ಪೆಟ್ಟಿಗೆ ಪೆಟ್ಟಿಗೆ ಮತ್ತೆ ತೆರೆದೆ. 'ಇರ್ಮಾಗೊಂದು' ಎಂದು ತೆಗೆದ ಯಾವ ಟೇಕನ್ನೂ ಅವರು ಪ್ರಿಂಟ್ ಎನ್ನಲಿಲ್ಲ. ಯೋಚಿಸಿ ನೋಡಿ, ಇದು ನಿಮ್ಮೆಲ್ಲರ ಕಸುಬು, ನಿಮಗೆ ನಾನು ವಿವರಿಸಬೇಕಿಲ್ಲ. ನಂಬಿಕೆಯಿಲ್ಲದೆ ಕಾವಲಿಗೆ ತೆಗೆಸಿದವರು ಒಂದನ್ನಾದರೂ ಪ್ರಿಂಟ್ ಹಾಕಿಸಿ ಹೋಲಿಸಿ ನೋಡುವುದಿಲ್ಲವೇ? ಮೂವತ್ತು ವರ್ಷದಲ್ಲಿ ಒಂದನ್ನಾದರೂ? ಪರದೆಯ ಮೇಲೆ ಯಾರೂ ಎಂದೂ ನೋಡದ ಟೇಕುಗಳು ಅವು. ಮತ್ತೆ ಅವು ಯಾತಕ್ಕೆ?

ಆಗ ನೆನಪಾಯಿತು. ಬೇರೆ ಟೇಕುಗಳಲ್ಲಿ ಅವರು ಮುಂದಕ್ಕೆ ಬಾಗಿರುತ್ತಿದ್ದರು, ಕಣ್ಣು ನಟರ ಮೇಲೆ, ಬೆರಳು ಮೊಣಕಾಲನ್ನು ಕುಟ್ಟುತ್ತಿತ್ತು. ಆದರೆ ಆ ಒಂದು ಟೇಕಿನಲ್ಲಿ ಬಾಗುತ್ತಿರಲಿಲ್ಲ. ಬೇಕಾದದ್ದು ಆಗಲೇ ಸಿಕ್ಕಿದೆ, ಯಾವ ಕೈಯನ್ನೂ ಯಾರೂ ಕಾಯಬೇಕಿಲ್ಲ. ಅವರು ಸೇಬಿನ ಪೆಟ್ಟಿಗೆಯ ಮೇಲೆ ನೆಟ್ಟಗೆ, ಅಲುಗಾಡದೆ, ಒಂದು ಕೆನ್ನೆ ನನ್ನ ಕಡೆಗಿರುವಂತೆ ಕೂರುತ್ತಿದ್ದರು. ಮತ್ತು ಟೋಪಿ ತೆಗೆಯುತ್ತಿದ್ದರು. ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಉಳಿದವರೆಲ್ಲ ನಟರನ್ನು ನೋಡುತ್ತಿದ್ದರು, ಅದನ್ನು ಕಂಡವಳು ನಾನೊಬ್ಬಳೇ. ಸೆಕೆ ಇರಬೇಕು ಎಂದುಕೊಳ್ಳುತ್ತಿದ್ದೆ. ಡಿಸೆಂಬರಿನಲ್ಲೂ ಸೆಕೆ ಎಂದುಕೊಳ್ಳುತ್ತಿದ್ದೆ. ನನ್ನಂಥ ದಡ್ಡಿ ಉಂಟೇ?

ಟ್ರೋನಾದಲ್ಲಿ ನಾನು ಎಲ್ಲಿ ನೋಡುತ್ತಿದ್ದೆನೆಂದು ಅವರಿಗೆ ಗೊತ್ತಿತ್ತು, ಸಭಿಕರೇ. ಆ ಕೋಣೆಯಲ್ಲಿ ಅವರು ಅಡ್ಡ ಬಂದದ್ದು ಗ್ಲಾಸ್ಕೋನ ಮೊದಲ ಪ್ರಶ್ನೆಗೆ ಅಲ್ಲ, ಇನ್ನೂ ಕೇಳದಿದ್ದ ಆ ಎರಡನೆಯ ಪ್ರಶ್ನೆಗೆ. ಆಮೇಲೆ ಅವರು ನನ್ನನ್ನು ಬೈಯಲಿಲ್ಲ, ದೂರ ಮಾಡಲಿಲ್ಲ, ಅವರ ಮನೆಯಲ್ಲಿ ಒಳ್ಳೆಯ ಹೆಂಡತಿ ಇದ್ದರು, ಹತ್ತಿರವೂ ಕರೆಯಲಿಲ್ಲ. ಕೆಲಸದ ಹೊತ್ತಿನಲ್ಲಿ ಕೈ ನೋಡಿ ಇರ್ಮಾ, ನಿಮಗೆ ನೋಡಬೇಕಾದ್ದನ್ನು ನೋಡಲು ದಿನಕ್ಕೆ ಒಂದು ನಿಮಿಷ ನಾನೇ ಕೊಡುತ್ತೇನೆ ಎಂದರು. ಅದನ್ನು ಇಡೀ ಸೆಟ್ಟಿನ ಎದುರು, ಬಡ್ ಕೀಫರನ ಬೈಗುಳ ತಿಂದುಕೊಂಡು, ದಿನವೂ ಹೇಳಿದರು. ಆ ನಿಮಿಷದಲ್ಲಿ ನಾನೇನು ಮಾಡಿದೆ? ಮತ್ತೆ ತಪ್ಪಾದೀತೆಂಬ ಹೆದರಿಕೆಯಲ್ಲಿ, ಅರೆಗಣ್ಣಲ್ಲಿ ಒಮ್ಮೆ ಅವರನ್ನು ನೋಡಿ, ತಲೆ ಬಗ್ಗಿಸಿ, ಗುಂಡಿ ಎಣಿಸುತ್ತಿದ್ದೆ.

ಎಲ್ಲವನ್ನೂ ಪೂರ್ತಿ ನೋಡಬಹುದಿತ್ತು ಎಂದು ಈಗ ಹೊಟ್ಟೆ ಉರಿಯುತ್ತದೆ. ಮೂವತ್ತು ವರ್ಷದ ಆ ನಿಮಿಷಗಳು ಬೇಕು ಎನಿಸುತ್ತದೆ. ಇಷ್ಟು ವಯಸ್ಸಾದಮೇಲೆ ಹೀಗೆ ಆಸೆಪಡುವುದು ಚೆನ್ನಲ್ಲ ಎಂದು ಹೇಳುವವರು ಹೇಳಲಿ. ನನಗೆ ಬೇಕು.

ಮುಗಿಸುತ್ತೇನೆ. ಅಧ್ಯಕ್ಷರು ಹೇಳುವಂತೆ, ಈಗ ಒಂದು ಚಿಕ್ಕ ತುಣುಕು ತೋರಿಸುವವರಿದ್ದಾರೆ. ಅದೇ ಗ್ರಂಥಾಲಯದವರು ಯಾರದೋ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಡಬ್ಬಿಯೊಂದನ್ನು ಪತ್ತೆ ಮಾಡಿದ್ದಾರೆ. 'ತೂಕದ ಮನೆ', ಕೊನೆಯ ಶಾಟು, ನಾಲ್ಕನೆಯ ಟೇಕು. ನಲವತ್ತೇಳು ಸೆಕೆಂಡು. ನೀವು ಯಾರೂ ಅದನ್ನು ನೋಡಿಲ್ಲ. ನಾನೂ ನೋಡಿಲ್ಲ. ತೆಗೆಯುವಾಗ ಇವರನ್ನು ನೋಡುತ್ತಿದ್ದೆ, ಗ್ಲಾಸ್ಕೋ ಕೋಣೆಯಲ್ಲಿ ಹಾಳೆಯ ಮೇಲೆ ತಲೆ ಬಗ್ಗಿಸಿದ್ದೆ. ಅವಳ ಬೆರಳಿನಲ್ಲಿ ಉಂಗುರವಿರುವುದಿಲ್ಲ, ಗಮನಿಸಿ. ತಪ್ಪು ನಿರ್ದೇಶಕರದ್ದಲ್ಲ. ಮೂವತ್ತನಾಲ್ಕು ವರ್ಷ ತಡವಾಗಿ, ಸಂಬಂಧಪಟ್ಟ ಎಲ್ಲರ ಎದುರು, ಹಾಳೆಯನ್ನು ತಿದ್ದುತ್ತಿದ್ದೇನೆ. ಉಂಗುರ, ಇಲ್ಲ. ಕಂಟಿನ್ಯುಟಿಯವಳು ನೋಡಲಿಲ್ಲ.

ನನ್ನನ್ನು ಕರೆಸಿದ ಸಂಘಕ್ಕೆ, ಡಬ್ಬಿ ಹುಡುಕಿದವರಿಗೆ, ತಣ್ಣನೆಯ ಕೋಳಿಯನ್ನು ಮರೆತು ಕೇಳಿದ ನಿಮಗೆ ಕೃತಜ್ಞತೆಗಳು. ಹ್ಯಾರಿಯೆಟ್, ನಿಂಬೆಹಣ್ಣಿಗೂ, ಫೋನಿಗೂ ಕೃತಜ್ಞತೆ. ಅದಕ್ಕಿಂತ ದೊಡ್ಡದಕ್ಕೂ.

ಇನ್ನು ದೀಪ ಆರಿಸಿ.

ವೆಂಡೆಲ್, ನಿಮ್ಮ ಹೆಸರನ್ನು ಇದೇ ಮೊದಲ ಸಲ ಹೀಗೆ ಕರೆಯುತ್ತಿದ್ದೇನೆ, ಮನ್ನಿಸಿ. ನಿಮ್ಮ ಕೈ ಆಗಲೇ ಟೋಪಿಯ ಅಂಚಿಗೆ ಹೋಗಿದೆ, ಇಲ್ಲಿಂದಲೇ ಕಾಣುತ್ತಿದೆ. ಬೇಡ, ಹಾಕಿಕೊಂಡೇ ಇರಿ. ಈ ಒಂದನ್ನು ನಾನು ಪರದೆಯ ಮೇಲೆ ನೋಡುತ್ತೇನೆ. ಇದು ನಿಮಗೊಂದು.

ಎಲ್ಲರಿಗೂ ನಮಸ್ಕಾರ.